ಕ್ರಿಸ್‌ಮಸ್ ರಜೆಗೆ ಮೂಲ್ಕಿಯಲ್ಲಿ ಸರ್ಫಿಂಗ್ ಕಲಿಯುವ ಯೋಚನೆ, ಹೋಗಿ ಬಂದವರು ಹೇಳಿ

ಸಿರಾಗೇಟ್_ಸವಿತಾ (ತುಮಕೂರು)

ಎಲ್ಲರಿಗೂ ನಮಸ್ಕಾರ. ಈ ಸಲ ಕ್ರಿಸ್‌ಮಸ್ ರಜೆಗೆ ಮಂಗಳೂರು ಹತ್ತಿರದ ಮೂಲ್ಕಿ, ಸಸಿಹಿತ್ಲು ಬೀಚ್ ಕಡೆ ಹೋಗಿ ಮಕ್ಕಳಿಗೆ ಸರ್ಫಿಂಗ್ ಕಲಿಸಬೇಕು ಅಂತ ಇದ್ದೇವೆ. ನಮ್ಮ ಮನೆ, ತಂಗಿ ಮನೆ ಸೇರಿ ಎರಡು ಕಾರು. ಮಗಳು ಹತ್ತನೇ ಕ್ಲಾಸು, ಇದೆಲ್ಲ ಅವಳದೇ ಹಟ.

ನಮ್ಮ ಅತ್ತೆಗೆ ಮಾತ್ರ ಸುತರಾಂ ಇಷ್ಟ ಇಲ್ಲ. ಸಮುದ್ರ ನೋಡಿ ಕೈಮುಗಿದು ಬರಬೇಕು, ಒಳಗೆ ಇಳಿಯಬಾರದು ಅಂತಾರೆ. ಅವರ ಭಯ ಸುಳ್ಳು ಅಂತ ನಾನೂ ಹೇಳುವುದಿಲ್ಲ. ಅದಕ್ಕೇ ಕೇಳುತ್ತಿದ್ದೇನೆ. ಡಿಸೆಂಬರ್ ಸರಿಯಾದ ಕಾಲವಾ? ಈಜು ಅಷ್ಟಾಗಿ ಬರದವರನ್ನೂ ಸೇರಿಸಿಕೊಳ್ಳುತ್ತಾರಾ? ಇನ್ನೊಂದು ವಿಷಯ ಮನಸ್ಸಲ್ಲಿ ಕೊರೆಯುತ್ತಿದೆ. ರಜೆ ಟೈಮಲ್ಲಿ ಆ ಊರಿನವರಿಗೆ ನಮ್ಮ ಕಡೆಯವರನ್ನು ಕಂಡರೆ ಆಗುವುದಿಲ್ಲ ಅಂತ ಒಬ್ಬರು ಹೇಳಿದರು. ನಿಜವಾ?

ಕ್ಯಾತ್ಸಂದ್ರ_ತಟ್ಟೆಇಡ್ಲಿ

ಧೈರ್ಯವಾಗಿ ಹೋಗಿ ಬನ್ನಿ ಅಕ್ಕ. ನಾವು ಹೋದ ವರ್ಷ ಹೋಗಿದ್ದೆವು, ಮಕ್ಕಳು ಇನ್ನೂ ಅದೇ ಮಾತಾಡುತ್ತಾರೆ. ಡಿಸೆಂಬರ್ ಒಳ್ಳೇ ಟೈಮು.

ಚಿಂತಾಮಣಿ_ಹುಡುಗ

ಡಿಸೆಂಬರ್‌ನಲ್ಲಿ ಅಲೆ ಎಲ್ಲಿರುತ್ತೆ? ನಿಜವಾದ ಅಲೆ ನೋಡಬೇಕಾದರೆ ಮಳೆಗಾಲದಲ್ಲಿ ಹೋಗಬೇಕು. ಚಿಕ್ಕ ಅಲೆಗೆ ಅಷ್ಟು ದೂರ ಯಾಕೆ?

ಮೂಲ್ಕಿಮಗ (ಕೆಲಸ ತುಮಕೂರು)

ಮಳೆಗಾಲದ ಅಲೆ ಕಲಿಯುವವರಿಗಲ್ಲ ಮಾರಾಯ್ರೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಬೇರೆಯೇ. ನಮ್ಮಲ್ಲಿ ಹುಟ್ಟಿ ಬೆಳೆದವರೇ ನೀರಿಗೆ ಇಳಿಯುವ ಮೊದಲು ನಿಂತು ನೋಡುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಮೀನು ಹಿಡಿಯುವ ಹಾಗಿಲ್ಲ. ಅದು ಮೀನಿನ ಸಂತಾನ ಉಳಿಯಲಿ ಅಂತ ಮಾಡಿದ ನಿಯಮ. ಆದರೆ ಆ ಕಾಲದ ಕಡಲು ನೋಡಿದವರಿಗೆ ಇನ್ನೊಂದು ಕಾರಣ ಬೇಕಾಗುವುದಿಲ್ಲ.

ಸ್ಪರ್ಧೆಗೆ ಬರುವವರಿಗೆ ದೊಡ್ಡ ಅಲೆ ಬೇಕು, ಒಪ್ಪುತ್ತೇನೆ. 2016ರಲ್ಲಿ ಸಸಿಹಿತ್ಲಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದದ್ದು ಮೇ ಕೊನೆಯಲ್ಲಿ, ಇನ್ನೇನು ಮಳೆ ಬರಬೇಕು ಅನ್ನುವಾಗ. ಕಲಿಯುವವರಿಗೆ ಮಾತ್ರ ಅಕ್ಟೋಬರ್‌ನಿಂದ ಮೇ ಮೊದಲ ಭಾಗದವರೆಗೆ ಸರಿ. ಅಲೆ ಸಣ್ಣದಿರುತ್ತದೆ, ಸಾಲಾಗಿ ಬರುತ್ತದೆ, ಮಧ್ಯೆ ಉಸಿರಾಡಲು ಬಿಡುತ್ತದೆ.

ಹೊತ್ತೂ ನೋಡಿಕೊಳ್ಳಬೇಕು. ಬೆಳಗ್ಗೆ ಗಾಳಿ ನೆಲದ ಕಡೆಯಿಂದ ಕಡಲಿಗೆ ಬೀಸುತ್ತದೆ, ಆಗ ಅಲೆ ನುಣ್ಣಗಿರುತ್ತದೆ. ಬಿಸಿಲು ಏರಿದ ಮೇಲೆ ಗಾಳಿ ತಿರುಗಿ ಕಡಲ ಕಡೆಯಿಂದ ಬರುತ್ತದೆ, ನೀರೆಲ್ಲ ಕಲಕಿದ ಹಾಗೆ ಆಗುತ್ತದೆ. ಹಾಗಾಗಿ ಕ್ಲಾಸು ಬೆಳಗ್ಗೆಯೇ ಇಟ್ಟುಕೊಳ್ಳಿ. ರಜೆ ಅಂತ ಒಂಬತ್ತಕ್ಕೆ ಎದ್ದರೆ ಆಗುವುದಿಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ಆಮೇಲೆ ಬರೆಯುತ್ತೇನೆ. ಅದಕ್ಕೆ ಸ್ವಲ್ಪ ಸಮಯ ಬೇಕು.

ತಿಪಟೂರು_ತೆಂಗು

ಮಗು ಎಸ್ಸೆಸ್ಸೆಲ್ಸಿ ಅಂತೀರಿ. ಡಿಸೆಂಬರ್‌ನಲ್ಲಿ ಸಮುದ್ರವಾ? ಮೊದಲು ಪರೀಕ್ಷೆ ಮುಗಿಸಲಿ ಸವಿತಾ ಅವರೇ.

ಸಿರಾಗೇಟ್_ಸವಿತಾ

ಅಣ್ಣ, ಅವಳು ಜೂನ್‌ನಿಂದ ಬೆಳಗ್ಗೆ ಐದಕ್ಕೆ ಎದ್ದು ಟ್ಯೂಷನ್‌ಗೆ ಹೋಗುತ್ತಿದ್ದಾಳೆ. ನಾಲ್ಕು ದಿನ ಗಾಳಿ ಬೆಳಕು ಕಾಣಲಿ. ಅದರಿಂದ ಮಾರ್ಕ್ಸ್ ಕಮ್ಮಿ ಆಗುವುದಿಲ್ಲ.

ಕುಣಿಗಲ್_ಕುದುರೆ

ಸವಿತಾ ಅವರು ಹೇಳಿದ್ದೇ ಸರಿ. ಹತ್ತನೇ ಕ್ಲಾಸು ಅಂದ ತಕ್ಷಣ ಮಕ್ಕಳನ್ನು ಮನೆಯಲ್ಲಿ ಕಟ್ಟಿ ಹಾಕುವುದು ನಮ್ಮ ಜಿಲ್ಲೆಯಲ್ಲಿ ಜಾಸ್ತಿ ಆಗಿದೆ.

ಚಿಂತಾಮಣಿ_ಹುಡುಗ

ಸರಿ, ಡಿಸೆಂಬರ್ ಅಂತಲೇ ಇಟ್ಟುಕೊಳ್ಳಿ. ಆದರೆ ಈಜು ಬರುವವರಿಗೆ ಕ್ಲಾಸು, ಕೋಚು ಎಲ್ಲ ಯಾಕೆ? ನಮ್ಮ ಕಡೆ ತೋಟದ ಬಾವಿಗೆ ಮೇಲಿನ ಕಲ್ಲಿಂದ ಹಾರಿ ತಳದ ಮಣ್ಣು ತರುವ ಹುಡುಗರಿದ್ದಾರೆ. ಒಂದು ಬೋರ್ಡ್ ಬಾಡಿಗೆಗೆ ತಗೊಂಡರೆ ತಾವೇ ಕಲಿಯುತ್ತಾರೆ.

ಕೋಲಾರದ_ಮೇಷ್ಟ್ರು

ತಮ್ಮಾ, ಈ ಮಾತಿಗೆ ನಾನು ಉತ್ತರ ಕೊಡಲೇಬೇಕು.

2024ರ ಡಿಸೆಂಬರ್‌ನಲ್ಲಿ ನಮ್ಮ ಮುಳಬಾಗಿಲು ತಾಲ್ಲೂಕಿನ ನಾಲ್ಕು ಹೆಣ್ಣುಮಕ್ಕಳು ಶಾಲೆಯ ಪ್ರವಾಸಕ್ಕೆ ಅಂತ ಹೋಗಿ ಮುರುಡೇಶ್ವರದ ಕಡಲಲ್ಲಿ ತೀರಿಕೊಂಡರು. ಆ ವಾರ ನಮ್ಮ ಜಿಲ್ಲೆಯ ಯಾವ ಸ್ಟಾಫ್ ರೂಮಿನಲ್ಲೂ ಬೇರೆ ಮಾತಿರಲಿಲ್ಲ. ನಾನು ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವವನು. ಅಂದಿನಿಂದ ಕಡಲ ವಿಷಯ ಓದುತ್ತಿದ್ದೇನೆ, ಬಲ್ಲವರನ್ನು ಕೇಳುತ್ತಿದ್ದೇನೆ.

ಬಾವಿಯ ನೀರು ನಿಂತ ನೀರು. ಎಷ್ಟೇ ಆಳ ಇರಲಿ, ಅದು ನಿನ್ನನ್ನು ಎಳೆದುಕೊಂಡು ಹೋಗುವುದಿಲ್ಲ. ಕಡಲಲ್ಲಿ ಮುಖ್ಯವಾದ ಅಪಾಯ ಆಳ ಅಲ್ಲ, ಸೆಳೆತ. ಅಲೆಗಳು ಒಂದರ ಹಿಂದೆ ಒಂದು ನೀರನ್ನು ದಡಕ್ಕೆ ತಂದು ಸುರಿಯುತ್ತವೆ. ಆ ನೀರು ವಾಪಸ್ ಹೋಗಬೇಕಲ್ಲ? ನೀರಿನ ಕೆಳಗಿನ ಮರಳ ದಿಬ್ಬಗಳ ನಡುವೆ ಎಲ್ಲಿ ಸಂದು ಇದೆಯೋ ಅಲ್ಲಿ ನುಗ್ಗುತ್ತದೆ. ನಮ್ಮ ಕೆರೆ ತುಂಬಿದಾಗ ಕೋಡಿಯಲ್ಲಿ ನೀರು ಹರಿಯುವುದು ನೋಡಿದ್ದೀಯಲ್ಲ, ಅದೇ ಲೆಕ್ಕ. ಕೋಡಿ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ.

ಇನ್ನೂ ಕೆಟ್ಟದ್ದು ಏನೆಂದರೆ, ಆ ಜಾಗದಲ್ಲಿ ಅಲೆ ಒಡೆಯುವುದು ಕಮ್ಮಿ. ಎರಡೂ ಪಕ್ಕ ಬಿಳಿ ನೊರೆ, ನಡುವೆ ಒಂದು ಪಟ್ಟಿ ಮಾತ್ರ ಸ್ವಲ್ಪ ಕಪ್ಪಗೆ, ಶಾಂತವಾಗಿ ಇರುತ್ತದೆ. ಗೊತ್ತಿಲ್ಲದವರು ಇಲ್ಲಿ ಅಲೆ ಇಲ್ಲ, ಮಕ್ಕಳು ಆಡಲಿ ಅಂತ ಅಲ್ಲೇ ಇಳಿಸುತ್ತಾರೆ.

ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆ ಈಜಬಾರದು. ಎಂಥ ಈಜುಗಾರನಾದರೂ ಸುಸ್ತಾಗುತ್ತಾನೆ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಆ ಪಟ್ಟಿಯಿಂದ ಹೊರಗೆ ಬರಬೇಕು. ಆಗದಿದ್ದರೆ ಬೆನ್ನ ಮೇಲೆ ತೇಲುತ್ತಾ ಒಂದು ಕೈ ಎತ್ತಿ ಕೂಗಬೇಕು. ಬಾವಿಯಲ್ಲಿ ಕಲಿತವರಿಗೆ ಇದು ಯಾರು ಹೇಳಿಕೊಟ್ಟಿರುತ್ತಾರೆ?

ಚಿಂತಾಮಣಿ_ಹುಡುಗ

ಮೇಷ್ಟ್ರೇ, ಕೋಡಿ ಅಂದ ಮೇಲೆ ಪೂರ್ತಿ ಅರ್ಥ ಆಯಿತು. ಆದರೆ ಹಾಗಾದರೆ ಮಕ್ಕಳನ್ನು ಕಡಲಿಗೆ ಕರೆದುಕೊಂಡು ಹೋಗುವುದೇ ಬೇಡ ಅಂತೀರಾ?

ಕೋಲಾರದ_ಮೇಷ್ಟ್ರು

ಅಲ್ಲ, ಉಲ್ಟಾ ಹೇಳುತ್ತಿದ್ದೇನೆ. ಕಡಲು ಬಲ್ಲವರ ಕೈಯಲ್ಲಿ ಕಲಿಯಲಿ. ನಮ್ಮ ಮಕ್ಕಳು ಹೇಗೂ ಒಂದಲ್ಲ ಒಂದು ದಿನ ಕಡಲಿಗೆ ಹೋಗೇ ಹೋಗುತ್ತಾರೆ. ಕಾಲೇಜಿಗೆ ಸೇರಿದ ಮೇಲೆ ನಮ್ಮನ್ನು ಕೇಳುವುದೂ ಇಲ್ಲ. ಹದಿನೈದನೇ ವಯಸ್ಸಿಗೆ ಒಬ್ಬ ಕೋಚ್ ಪಕ್ಕ ನಿಂತು ಸೆಳೆತ ಎಲ್ಲಿದೆ ತೋರಿಸು ಅಂತ ಕೇಳಿ ಕಲಿಸಿದರೆ ಆ ಮಗು ಜೀವನಪೂರ್ತಿ ನೀರನ್ನು ನೋಡದೆ ಇಳಿಯುವುದಿಲ್ಲ. ಸವಿತಾ ಅವರೇ, ನಿಮ್ಮ ಅತ್ತೆಗೆ ಇದನ್ನೇ ಹೇಳಿ.

ಬೈರಕೂರು_ಬಾವಿ (ಮುಳಬಾಗಿಲು)

ಮೇಷ್ಟ್ರು ಹೇಳಿದ್ದಕ್ಕೆ ನನ್ನದೂ ಒಂದು ಓಟು. ನಮ್ಮ ಪಕ್ಕದ ಊರುಗಳ ಮಕ್ಕಳು ಅವರು. ಇನ್ನೇನೂ ಬರೆಯಲು ಆಗುತ್ತಿಲ್ಲ.

ಕ್ಯಾತ್ಸಂದ್ರ_ತಟ್ಟೆಇಡ್ಲಿ

ಕ್ಲಾಸು ಹೇಗಿರುತ್ತೆ ಅಂತ ಹೇಳಿದರೆ ಅಕ್ಕನಿಗೆ ಅನುಕೂಲ ಆಗಬಹುದು.

ಮೊದಲ ದಿನ ಅರ್ಧ ಹೊತ್ತು ನೀರಿಗೇ ಬಿಡುವುದಿಲ್ಲ. ಮರಳ ಮೇಲೆ ಬೆರಳಲ್ಲಿ ಬೋರ್ಡಿನ ಆಕಾರ ಬರೆದು, ಅದರ ಮೇಲೆ ಬೋರಲು ಮಲಗಿಸಿ, ಎದೆ ಎತ್ತಿಸಿ, ಎರಡೂ ಅಂಗೈ ಪಕ್ಕೆಲುಬಿನ ಹತ್ತಿರ ಊರಿ ಒಂದೇ ಸಲಕ್ಕೆ ಎದ್ದು ನಿಲ್ಲಿಸುತ್ತಾರೆ. ಮೊಣಕಾಲು ಊರಿ ಏಳುವ ಹಾಗಿಲ್ಲ. ನಮ್ಮ ಹುಡುಗ ಊರಿದಾಗಲೆಲ್ಲ ಕೋಚ್ ಇನ್ನೊಂದ್ಸಲ ಅಂದರು, ಬೈಯಲಿಲ್ಲ. ಹಿಂದೆ ಇಡುವ ಕಾಲಿಗೆ ಲೀಶ್ ಅಂತ ಒಂದು ಹಗ್ಗ ಕಟ್ಟುತ್ತಾರೆ, ಇನ್ನೊಂದು ತುದಿ ಬೋರ್ಡಿಗೆ. ಕಲಿಯುವವರಿಗೆ ಕೊಡುವುದು ಎಂಟು ಒಂಬತ್ತು ಅಡಿ ಉದ್ದದ ಮೆತ್ತನೆ ಮೈಯ ಬೋರ್ಡ್. ಬಡಿದರೂ ಏಟು ಕಮ್ಮಿ.

ನೀರಿಗೆ ಇಳಿಯುವ ಮೊದಲು ಮೂರು ಮಾತು ಮತ್ತೆ ಮತ್ತೆ ಹೇಳಿಸಿದರು. ಬೋರ್ಡನ್ನು ಯಾವತ್ತೂ ನಿಮ್ಮ ಮತ್ತು ಅಲೆಯ ನಡುವೆ ಹಿಡಿಯಬೇಡಿ, ಅಲೆ ಬಂದು ಅದನ್ನು ನಿಮ್ಮ ಮೇಲೇ ಎಸೆಯುತ್ತದೆ. ಬೀಳುವಾಗ ತಲೆ ಕೆಳಗೆ ಮಾಡಿ ಹಾರಬೇಡಿ, ಅಗಲವಾಗಿ ಬೀಳಿ, ನೀರು ಸೊಂಟದಷ್ಟೇ ಇರುತ್ತದೆ. ಮೇಲೆ ಏಳುವಾಗ ಕೈ ತಲೆಯ ಮೇಲಿರಲಿ, ಬೋರ್ಡ್ ಎಲ್ಲಿದೆಯೋ ಗೊತ್ತಿರುವುದಿಲ್ಲ.

ಈಜು ಬರದವರಿಗೂ ಕಲಿಸಿದರು, ಸೊಂಟದ ನೀರಲ್ಲಿ, ಒಡೆದ ಅಲೆಯ ನೊರೆಯಲ್ಲಿ ಮಾತ್ರ. ಆದರೂ ಹೋಗುವ ಮೊದಲು ಸ್ವಲ್ಪ ಈಜು, ತೇಲುವುದು ಕಲಿತಿರಲಿ. ಹೆದರಿಕೆ ಅರ್ಧ ಹೋಗುತ್ತದೆ.

ಸಿರಾಗೇಟ್_ಸವಿತಾ

ಇದನ್ನು ಮಗಳಿಗೆ ಓದಿ ಹೇಳಿದೆ. ಈಗ ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಎದ್ದು ನಿಲ್ಲುತ್ತಿದ್ದಾಳೆ. ಅತ್ತೆ ಸೋಫಾ ಮೇಲೆ ಕೂತು ನೋಡುತ್ತಿದ್ದಾರೆ.

ಗೌರಿಬಿದನೂರು_ಡಾಕ್ಟರ್

ವೈದ್ಯಳಾಗಿ ಎರಡು ಮಾತು. ಉಪ್ಪು ನೀರಿನಲ್ಲಿ ಬಿಸಿಲು ಗೊತ್ತಾಗುವುದಿಲ್ಲ, ಸಂಜೆ ಬೆನ್ನು ಉರಿಯುತ್ತದೆ. ಪೂರ್ತಿ ತೋಳಿನ ಈಜುಡುಗೆ ಹಾಕಿಸಿ, ಸನ್‌ಸ್ಕ್ರೀನ್ ಹಚ್ಚಿ. ಬಾಯಾರಿಕೆ ಆಗದಿದ್ದರೂ ನೀರು ಕುಡಿಸುತ್ತಿರಿ. ಅಂಬಲಿ ಮೀನು, ಅಂದರೆ ಜೆಲ್ಲಿಫಿಶ್ ತಾಗಿ ಉರಿ ಬಂದರೆ ಉಜ್ಜಬೇಡಿ, ಸಿಹಿ ನೀರೂ ಹಾಕಬೇಡಿ. ಕಡಲ ನೀರಲ್ಲೇ ತೊಳೆದು ಕೋಚ್‌ಗೆ ತೋರಿಸಿ. ಉಸಿರಾಟ ಕಷ್ಟ ಆದರೆ ನೇರ ಆಸ್ಪತ್ರೆಗೆ.

ಇನ್ನೊಂದು. ನೀರು ಕುಡಿದು ಒದ್ದಾಡಿ ಹೊರಗೆ ಬಂದವರು ಆರಾಮಾಗಿದ್ದೀನಿ ಅಂದರೂ ಅವತ್ತು ಅವರ ಮೇಲೆ ಕಣ್ಣಿಟ್ಟಿರಿ. ಕೆಮ್ಮು ನಿಲ್ಲದಿದ್ದರೆ, ಏದುಸಿರು, ಮಂಪರು ಕಂಡರೆ ತಡ ಮಾಡದೆ ವೈದ್ಯರಿಗೆ ತೋರಿಸಬೇಕು. ಮದ್ಯ ಕುಡಿದು ನೀರಿಗಿಳಿಯುವ ದೊಡ್ಡವರ ಬಗ್ಗೆ ನನಗೆ ತಡೆಯಲಾರದ ಸಿಟ್ಟಿದೆ. ಮಕ್ಕಳನ್ನು ಕಾಯಬೇಕಾದವರೇ ಅವರು.

ತಿಪಟೂರು_ತೆಂಗು

ಹೆಣ್ಣುಮಗು ಅಂತೀರಿ, ಅಲ್ಲಿ ಎಲ್ಲರೆದುರು ಒದ್ದೆ ಬಟ್ಟೆಯಲ್ಲಿ... ನಮ್ಮ ಕಡೆಯ ಹಿರಿಯರು ಒಪ್ಪುವ ವಿಷಯವಾ ಇದು?

ಬಯಲುಸೀಮೆ_ಹುಡುಗಿ (ಪಾವಗಡ)

ಅಂಕಲ್, ಪೂರ್ತಿ ತೋಳು, ಪೂರ್ತಿ ಕಾಲಿನ ಬಟ್ಟೆ ಹಾಕಿಕೊಂಡೇ ಸರ್ಫ್ ಮಾಡಬಹುದು. ನಾನು ಹಾಗೇ ಕಲಿತೆ. ಆ ನೀರಿನಲ್ಲಿ ಯಾರೂ ನನ್ನ ಬಟ್ಟೆ ನೋಡಲಿಲ್ಲ. ಮೂಲ್ಕಿಯ ತನ್ವಿ ಜಗದೀಶ್ ಅಲ್ಲೇ ಕಲಿತು, ನಿಂತು ಹುಟ್ಟು ಹಾಕುವ ಬೋರ್ಡ್ ಆಟದಲ್ಲಿ 2016ರಲ್ಲಿ ಫಿಜಿಯ ವಿಶ್ವ ಸ್ಪರ್ಧೆಗೆ ದೇಶದ ಪರ ಹೋದವರು. ಸಣ್ಣ ಊರಿನ ಹುಡುಗಿ. ಸವಿತಾ ಆಂಟಿ ಮಗಳಿಗೆ ಅವರ ಬಗ್ಗೆ ಹೇಳಿ.

ತಿಪಟೂರು_ತೆಂಗು

ನಾನು ಬೇಡ ಅನ್ನಲಿಲ್ಲಮ್ಮ. ಮನೆಯ ಹಿರಿಯರನ್ನು ಒಪ್ಪಿಸಿ ಹೋಗಲಿ ಅಂದೆ.

ಚಿಂತಾಮಣಿ_ಹುಡುಗ

ಸರ್ಫಿಂಗ್ ಈಗ ಒಲಿಂಪಿಕ್ಸ್‌ನಲ್ಲೂ ಇದೆ, ಟೋಕಿಯೋದಿಂದ ಶುರು. 2025ರಲ್ಲಿ ಮಹಾಬಲಿಪುರಂನಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ರಮೇಶ್ ಬುದಿಹಾಳ್ ಕಂಚು ಗೆದ್ದರು. ಬಯಲುಸೀಮೆಯಿಂದಲೂ ಒಬ್ಬರು ಹೋಗಬೇಕು.

ಸಿರಾಗೇಟ್_ಸವಿತಾ

ಅಷ್ಟು ದೂರ ಬೇಡಪ್ಪ, ಮೊದಲು ಎದ್ದು ನಿಲ್ಲಲಿ. ಮೂಲ್ಕಿಮಗ ಅವರೇ, ನಿಮ್ಮ ಉತ್ತರಕ್ಕೆ ಕಾಯುತ್ತಿದ್ದೇನೆ.

ಮೂಲ್ಕಿಮಗ (ಕೆಲಸ ತುಮಕೂರು)

ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಬೇಡಿ.

ನಿಮ್ಮ ಕಡೆಯವರನ್ನು ಕಂಡರೆ ನಮ್ಮವರಿಗೆ ಆಗುವುದಿಲ್ಲ ಅನ್ನುವುದು ಸುಳ್ಳು. ರಜೆಯಲ್ಲಿ ಬರುವ ಕೆಲವರು ನಡೆದುಕೊಳ್ಳುವ ರೀತಿ ಕಂಡರೆ ಆಗುವುದಿಲ್ಲ ಅನ್ನುವುದು ನಿಜ.

ಸಸಿಹಿತ್ಲಿನ ದಡದಲ್ಲಿ ಬೆಳಗ್ಗೆ ಕೈರಂಪಣಿ ಎಳೆಯುತ್ತಾರೆ. ದೋಣಿಯಲ್ಲಿ ಬಲೆಯನ್ನು ಅರ್ಧ ಸುತ್ತು ಬಿಟ್ಟು ಬರುತ್ತಾರೆ, ಎರಡು ತುದಿಯ ಹಗ್ಗ ದಡದಲ್ಲಿ. ಎರಡು ಗುಂಪು ನಿಂತು, ಹಿಮ್ಮಡಿ ಮರಳಲ್ಲಿ ಊರಿ, ಹಿಂದಕ್ಕೆ ವಾಲಿ ಎಳೆಯುತ್ತಾರೆ. ಎಳೆದಂತೆ ಎರಡೂ ಗುಂಪು ಹತ್ತಿರ ಹತ್ತಿರ ಬರುತ್ತವೆ. ಒಂದು ತುದಿ ತಡವಾದರೆ ಮೀನು ಪಕ್ಕದಿಂದ ಜಾರುತ್ತದೆ. ಆ ಹೊತ್ತಿಗೆ ಸರಿಯಾಗಿ ಯಾರೋ ಬಂದು ಹಗ್ಗದ ಮೇಲೆ ಕೂತು ಸೆಲ್ಫಿ ತೆಗೆಯುತ್ತಾರೆ. ಬಲೆಯ ಒಳಗೇ ಬೋರ್ಡ್ ತೆಗೆದುಕೊಂಡು ಹೋಗುತ್ತಾರೆ. ಆಚೆ ಹೋಗಿ ಅಂದರೆ ಬೀಚ್ ನಿಮ್ಮಪ್ಪಂದಾ ಅಂತ ಕೇಳುತ್ತಾರೆ. ನಮ್ಮ ಮಾವ ಎಪ್ಪತ್ತರ ಹತ್ತಿರದವರು. ಅವರಿಗೆ ಕೇಳಿದ್ದಾರೆ ಈ ಮಾತು.

ಅದೇ ದಡದಲ್ಲಿ, ನಾವೂ ಒಂದು ಕೈ ಹಾಕಬಹುದಾ ಅಂತ ಕೇಳಿದವರಿಗೆ ನಮ್ಮವರು ಹಗ್ಗ ಕೊಡುತ್ತಾರೆ. ಎಳೆದು ಮುಗಿದ ಮೇಲೆ ನಾಲ್ಕು ಬಂಗುಡೆ, ಒಂದು ಹಿಡಿ ಬೂತಾಯಿ ಕೈಗೆ ಕೊಟ್ಟು ಕಳಿಸುತ್ತಾರೆ. ದುಡ್ಡು ಕೊಟ್ಟರೆ ತೆಗೆದುಕೊಳ್ಳುವುದಿಲ್ಲ.

ಡಿಸೆಂಬರ್ ರಾತ್ರಿ ಬಾಟಲಿ ಒಡೆದು ಹೋಗುತ್ತಾರೆ. ಬೆಳಗ್ಗೆ ಬರಿಗಾಲಲ್ಲಿ ದೋಣಿ ತಳ್ಳುವವರು, ಬರಿಗಾಲಲ್ಲಿ ಬೋರ್ಡ್ ಹೊತ್ತುಕೊಂಡು ಹೋಗುವ ಮಕ್ಕಳು ಅದೇ ಮರಳಲ್ಲಿ ನಡೆಯಬೇಕು. ಚಳಿಗಾಲದಲ್ಲಿ ಕಡಲಾಮೆ ಮೊಟ್ಟೆ ಇಡಲು ದಡಕ್ಕೆ ಬರುತ್ತದೆ, ಬೆಂಕಿ, ದೊಡ್ಡ ಲೈಟು, ಡಿಜೆ ಇದ್ದರೆ ಅದು ವಾಪಸ್ ತಿರುಗುತ್ತದೆ. ಇಷ್ಟು ತಿಳಿದವರು ಬಂದರೆ ನಮ್ಮ ಮನೆಯ ಬಾಗಿಲು ತೆರೆದೇ ಇರುತ್ತದೆ.

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಮೂಲ್ಕಿಮಗ ಅವರೇ, ನಿಮ್ಮ ಮಾತಿನ ಒಂದೊಂದು ಅಕ್ಷರ ನನಗೆ ಗೊತ್ತಾಗುತ್ತದೆ. ನಾವಿರುವುದು ನಂದಿ ಬೆಟ್ಟದ ಬುಡದಲ್ಲಿ.

ಶನಿವಾರ ರಾತ್ರಿ ಮೂರು ಗಂಟೆಗೆ ಸೈಲೆನ್ಸರ್ ಬಿಚ್ಚಿದ ಬೈಕುಗಳು ಶುರುವಾಗುತ್ತವೆ. ಎಲ್ಲರಿಗೂ ಸೂರ್ಯೋದಯ ಬೇಕು. ಗೇಟು ತೆರೆಯುವ ಮೊದಲೇ ರಸ್ತೆ ತುಂಬ ಸಾಲು. ನಮ್ಮ ಹೂವು ಮಾರ್ಕೆಟ್‌ಗೆ ಬೆಳಕು ಹರಿಯುವ ಮೊದಲು ಮುಟ್ಟಬೇಕು, ಇಲ್ಲದಿದ್ದರೆ ರೇಟು ಬಿದ್ದುಹೋಗುತ್ತದೆ. ಗುಲಾಬಿ ತುಂಬಿದ ಟೆಂಪೋ ಆ ಸಾಲಲ್ಲಿ ನಿಂತುಬಿಡುತ್ತದೆ. ಹಾರ್ನ್ ಹೊಡೆದರೆ ನಾವೇ ಕೆಟ್ಟವರು. ದ್ರಾಕ್ಷಿ ತೋಟದ ಬೇಲಿ ದಾಟಿ ಫೋಟೋ ತೆಗೆಯುತ್ತಾರೆ, ಕೇಳಿದರೆ ಒಂದು ಗೊಂಚಲಿಗೆ ಯಾಕೆ ಇಷ್ಟು ಮಾತು ಅಂತಾರೆ.

ಒಂದು ಭಾನುವಾರ ನಮ್ಮ ಅಜ್ಜಿ ಹೊಸಿಲು ತೊಳೆದು ರಂಗೋಲಿ ಬಿಟ್ಟು ಒಳಗೆ ಹೋಗಿ ಬರುವಷ್ಟರಲ್ಲಿ ಅದರ ಮೇಲೆ ಕಾರು ನಿಂತಿತ್ತು. ಇಳಿದವರು ಒಳ್ಳೆಯವರೇ, ಅಜ್ಜಿ ನೀರು ಸಿಗುತ್ತಾ ಅಂತ ಕೇಳಿದರು. ಅಜ್ಜಿ ನೀರು ಕೊಟ್ಟರು. ರಂಗೋಲಿ ಅವರ ಕಣ್ಣಿಗೆ ಬೀಳಲೇ ಇಲ್ಲ. ಬೈಯ್ಯುವವರಿಗಿಂತ ಈ ಥರದವರೇ ಜಾಸ್ತಿ. ಅವರಿಗೆ ನಾವು ಇಲ್ಲಿ ಇದ್ದೇವೆ ಅಂತಲೇ ಗೊತ್ತಾಗುವುದಿಲ್ಲ.

ಶನಿವಾರ ಬೆಂಗಳೂರಿನವರ ಮೇಲೆ ಸಿಟ್ಟು ಮಾಡುವ ನಾವು ಕಡಲಿಗೆ ಹೋದಾಗ ಅವರೇ ಆಗಿಬಿಡುತ್ತೇವೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರು ಇದನ್ನು ಬೇರೆಯವರಿಗಿಂತ ಚೆನ್ನಾಗಿ ತಿಳಿದುಕೊಳ್ಳಬೇಕಲ್ವಾ?

ಕುಣಿಗಲ್_ಕುದುರೆ

ಬೆಂಗಳೂರಿನವರು ಬರದಿದ್ದರೆ ನಂದಿಯ ಚಹಾ ಅಂಗಡಿ, ಹೋಂಸ್ಟೇ ನಡೆಯುತ್ತಾ? ದುಡ್ಡೂ ಬೇಕು, ಜನ ಬೇಡ ಅಂದರೆ ಹೇಗೆ?

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಜನ ಬೇಡ ಅಂತ ಎಲ್ಲಿ ಹೇಳಿದೆ? ಕಣ್ಣು ಬಿಟ್ಟುಕೊಂಡು ಬನ್ನಿ ಅಂದೆ. ಹೋಂಸ್ಟೇ ದುಡ್ಡು ಹೋಂಸ್ಟೇಯವರಿಗೆ ಹೋಗುತ್ತದೆ. ಹೂವಿನ ಟೆಂಪೋ ಡ್ರೈವರ್‌ಗೆ ಏನು ಸಿಗುತ್ತದೆ ಹೇಳಿ?

ಮೂಲ್ಕಿಮಗ (ಕೆಲಸ ತುಮಕೂರು)

ಕುಣಿಗಲ್ ಅಣ್ಣನ ಮಾತಿನಲ್ಲೂ ಸತ್ಯ ಇದೆ. ಸರ್ಫಿಂಗ್‌ನಿಂದ ನಮ್ಮ ಊರಿಗೆ ಒಳ್ಳೆಯದೇ ಆಗಿದೆ. 2004ರಲ್ಲಿ ಜ್ಯಾಕ್ ಹೆಬ್ನರ್ ಅನ್ನುವ ಅಮೆರಿಕದವರು ಮೂಲ್ಕಿಯಲ್ಲಿ ಆಶ್ರಮ ಮಾಡಿ ಸರ್ಫಿಂಗ್ ಕಲಿಸಲು ಶುರು ಮಾಡಿದರು. ಸರ್ಫಿಂಗ್ ಸ್ವಾಮಿ ಅಂತಲೇ ಅವರನ್ನು ಕರೆಯುತ್ತಿದ್ದರು. ಅಲ್ಲಿ ಜಪ ಇದೆ, ಊಟ ಸಸ್ಯಾಹಾರ, ಮದ್ಯ ಮಾತ್ರ ಇಲ್ಲ. ಮೊದಮೊದಲು ನಮ್ಮವರು ಹಲಗೆ ಹಿಡಿದು ಕಡಲಿಗೆ ಹೋಗುವ ಸ್ವಾಮಿ ಯಾರಪ್ಪ ಅಂತ ನೋಡುತ್ತಿದ್ದರು. ಈಗ ಮೀನುಗಾರ ಮೊಗವೀರರ ಹುಡುಗರು ಎಷ್ಟೋ ಜನ ಕೋಚ್ ಆಗಿದ್ದಾರೆ. ಮುಂಬೈಗೋ ಗಲ್ಫಿಗೋ ಹೋಗಬೇಕಿದ್ದವರು ಊರಲ್ಲೇ ಉಳಿದಿದ್ದಾರೆ. ಕಡಲು ಅವರಿಗೆ ಮೊದಲೇ ಗೊತ್ತು, ಬೋರ್ಡ್ ಮಾತ್ರ ಹೊಸದು. ಯಾರಾದರೂ ಮುಳುಗುತ್ತಿದ್ದಾರೆ ಅಂದರೆ ಮೊದಲು ಓಡುವವರೂ ಅವರೇ.

ಒಂದು ಎಚ್ಚರಿಕೆ ಮರೆತೆ. ಸಸಿಹಿತ್ಲಿನಲ್ಲಿ ಶಾಂಭವಿ, ನಂದಿನಿ ಎರಡೂ ನದಿ ಕಡಲು ಸೇರುತ್ತವೆ. ಆ ಅಳಿವೆ ನೋಡಲು ಬಹಳ ಚಂದ. ಆದರೆ ಅಲ್ಲಿ ಮಾತ್ರ ಇಳಿಯಬೇಡಿ. ಇಳಿತದ ಹೊತ್ತಿಗೆ ನದಿ ನೀರೂ ಸೇರಿಕೊಂಡು ಎಳೆಯುತ್ತದೆ, ಕೆಳಗಿನ ಮರಳು ಇವತ್ತಿದ್ದ ಹಾಗೆ ನಾಳೆ ಇರುವುದಿಲ್ಲ.

ಕೋಲಾರದ_ಮೇಷ್ಟ್ರು

ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು.

ಸಿರಾಗೇಟ್_ಸವಿತಾ

ಬರೆದುಕೊಂಡೆ. ಅತ್ತೆಗೂ ತೋರಿಸಿದೆ. ಅವರ ಪ್ರಶ್ನೆ ಬೇರೆ, ನೀವೆಲ್ಲ ನೀರಿಗೆ ಹೋದರೆ ನಾನೇನು ಮಾಡಲಿ ಅಂತ. ಬರುತ್ತೇನೆ ಅನ್ನುವ ಲಕ್ಷಣ!

ಬಯಲುಸೀಮೆ_ಹುಡುಗಿ (ಪಾವಗಡ)

ಅಜ್ಜಿಗೆ ಶಾಂಭವಿ ನದಿಯ ಹಿನ್ನೀರಲ್ಲಿ ದೋಣಿ ಮಾಡಿಸಿ. ಎರಡೂ ಪಕ್ಕ ತೆಂಗು, ಉಪ್ಪು ನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು, ಮಿಂಚುಳ್ಳಿ. ಅಲೆಯೇ ಇರುವುದಿಲ್ಲ. ಮೂಲ್ಕಿಯಲ್ಲೇ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನ ಇದೆ. ಬಪ್ಪ ಬ್ಯಾರಿ ಅನ್ನುವ ಮುಸ್ಲಿಂ ವ್ಯಾಪಾರಿ ಕಟ್ಟಿಸಿದರು ಅನ್ನುವುದು ಅಲ್ಲಿನ ಐತಿಹ್ಯ. ದೊಡ್ಡ ಡೋಲು ನೋಡಲೇಬೇಕು. ಕಟೀಲು ದೇವಸ್ಥಾನವೂ ಹತ್ತಿರ.

ಮೂಲ್ಕಿಮಗ (ಕೆಲಸ ತುಮಕೂರು)

ಆ ಸಮಯಕ್ಕೆ ಕಟೀಲು ಯಕ್ಷಗಾನ ಮೇಳದ ತಿರುಗಾಟ ಶುರುವಾಗಿರುತ್ತದೆ. ಸುತ್ತಮುತ್ತ ಎಲ್ಲಾದರೂ ಹರಕೆ ಆಟ ಇದ್ದೇ ಇರುತ್ತದೆ. ಟಿಕೆಟ್ ಇಲ್ಲ, ಯಾರು ಬೇಕಾದರೂ ಹೋಗಿ ಕೂರಬಹುದು. ಅತ್ತೆಯವರಿಗೆ ಒಂದು ಶಾಲು ತನ್ನಿ, ಗದ್ದೆಯಲ್ಲಿ ರಾತ್ರಿ ಇಬ್ಬನಿ ಬೀಳುತ್ತದೆ.

ತಿಪಟೂರು_ತೆಂಗು

ಊಟದ ಕಥೆ ಏನು? ಅಲ್ಲಿ ಬರೀ ಮೀನು ಅಂತಾರೆ. ಮುದ್ದೆ ಸಿಗುವುದಿಲ್ಲ.

ಕ್ಯಾತ್ಸಂದ್ರ_ತಟ್ಟೆಇಡ್ಲಿ

ಸಸ್ಯಾಹಾರ ಬೇಕಾದಷ್ಟಿದೆ. ನೀರುದೋಸೆ, ಗೋಳಿಬಜೆ, ಬನ್ಸ್. ಅನ್ನ ಮಾತ್ರ ಕುಚ್ಚಲಕ್ಕಿ, ಮೊದಲ ದಿನ ಗಂಟಲಲ್ಲಿ ನಿಲ್ಲುತ್ತದೆ, ಎರಡನೇ ದಿನ ಸರ್ಫ್ ಮಾಡಿ ಬಂದ ಹಸಿವಿಗೆ ಎರಡು ಸಲ ಬಡಿಸಿಕೊಳ್ಳುತ್ತೀರಿ.

ನಾವಿದ್ದ ಹೋಂಸ್ಟೇ ನಡೆಸುವವರು ಕ್ರಿಶ್ಚಿಯನ್ನರು. ಮುಂಚೆ ಫೋನ್‌ನಲ್ಲಿ ಮಾತಾಡುವಾಗ ನಿಮ್ಮ ಕಡೆ ಈಗ ಅವರೆಕಾಯಿ ಕಾಲ ಅಲ್ವಾ ಅಂತ ಕೇಳಿದ್ದರು. ಒಂದು ಚೀಲ ಸೊಗಡವರೆ ತೆಗೆದುಕೊಂಡು ಹೋದೆವು. ಸಂಜೆ ಅಂಗಳದಲ್ಲಿ ಎಲ್ಲ ಕೂತು ಸುಲಿದೆವು. ನೀರಲ್ಲಿ ನೆನೆಸಿ ಬೆರಳಲ್ಲಿ ಒತ್ತಿದರೆ ಸಿಪ್ಪೆಯಿಂದ ಕಾಳು ಹಾರುವುದು ನೋಡಿ ಆ ಮನೆಯ ಮಕ್ಕಳು ನಮ್ಮ ಮಕ್ಕಳ ಜೊತೆ ಪೈಪೋಟಿಗೆ ಬಿದ್ದವು. ನನ್ನ ಹೆಂಡತಿ ಅವರ ಅಡುಗೆಮನೆಯಲ್ಲಿ ಹಿತಕಿದ ಬೇಳೆ ಸಾರು ಮಾಡಿದಳು. ಹೊರಡುವ ದಿನ ಅವರು ಒಂದು ಡಬ್ಬಿ ತುಂಬ ಕುಸ್ವಾರ್ ಕೊಟ್ಟರು. ಕ್ರಿಸ್‌ಮಸ್‌ಗೆ ಮನೆಯಲ್ಲಿ ಮಾಡಿದ ನೆವ್ರಿ, ಕಿಡಿಯೊ, ಗುಲಾಬಿ ಆಕಾರದ ಕೊಕ್ಕಿಸ್. ಎಣ್ಣೆ ಇಳಿಯಲಿ ಅಂತ ಪ್ರತಿ ಸಾಲಿಗೆ ಬಿಳಿ ಕಾಗದ ಹಾಸಿದ್ದರು.

ಬೈರಕೂರು_ಬಾವಿ (ಮುಳಬಾಗಿಲು)

ಸೊಗಡವರೆ ತುಮಕೂರಿನದಾ? ಅವರೆ ಅಂದರೆ ಕೋಲಾರ ಜಿಲ್ಲೆ. ಇದರಲ್ಲಿ ಚರ್ಚೆ ಇಲ್ಲ.

ಕ್ಯಾತ್ಸಂದ್ರ_ತಟ್ಟೆಇಡ್ಲಿ

ಚರ್ಚೆ ಇದೆ. ಬೇರೆ ಎಳೆ ತೆರೆಯಿರಿ, ಬರುತ್ತೇನೆ.

ಚಿಂತಾಮಣಿ_ಹುಡುಗ

ಒಂದು ಗಂಭೀರ ಪ್ರಶ್ನೆ. ಒಂದೇ ಅಲೆಗೆ ಇಬ್ಬರು ಹೊರಟರೆ ಯಾರಿಗೆ ಹಕ್ಕು? ಜಗಳ ಆಗುವುದಿಲ್ವಾ?

ಬಯಲುಸೀಮೆ_ಹುಡುಗಿ (ಪಾವಗಡ)

ಅಲೆ ಮೊದಲು ಒಡೆಯುವ ಜಾಗಕ್ಕೆ ಯಾರು ಹತ್ತಿರ ಇದ್ದಾರೋ ಅಲೆ ಅವರದು. ಇನ್ನೊಬ್ಬರು ಹಿಂದೆ ಸರಿಯಬೇಕು. ವಾಪಸ್ ಒಳಗೆ ಹೋಗುವಾಗ ಸರ್ಫ್ ಮಾಡುತ್ತಾ ಬರುವವರ ದಾರಿ ಬಿಟ್ಟು ಸುತ್ತಿ ಹೋಗಬೇಕು. ಬೋರ್ಡ್ ಬಿಟ್ಟು ಓಡಬಾರದು, ಹಿಂದಿನವರಿಗೆ ಬಡಿಯುತ್ತದೆ. ರಜೆಯಲ್ಲಿ ಜನ ಜಾಸ್ತಿ ಇರುವಾಗ ಜಗಳ ಆಗುವುದು ಇಷ್ಟಕ್ಕೇ. ಹೊಸಬರು ನೊರೆಯಲ್ಲೇ ಇದ್ದರೆ ಈ ಪ್ರಶ್ನೆ ಬರುವುದೇ ಇಲ್ಲ.

ಸಿರಾಗೇಟ್_ಸವಿತಾ

ದಾರಿ ಯಾವುದು ಒಳ್ಳೆಯದು? ಕುಣಿಗಲ್‌ಗೆ ಹೋಗಿ ಹೈವೇ ಹಿಡಿಯಬೇಕಾ?

ಕುಣಿಗಲ್_ಕುದುರೆ

ಹೌದು. ತುಮಕೂರಿಂದ ಕುಣಿಗಲ್‌ಗೆ ಬಂದರೆ ರಾಷ್ಟ್ರೀಯ ಹೆದ್ದಾರಿ 75. ಹಾಸನ, ಸಕಲೇಶಪುರ, ಶಿರಾಡಿ ಘಾಟಿ ಇಳಿದರೆ ಬಂಟ್ವಾಳ. ಅಲ್ಲಿಂದ ಮಂಗಳೂರು, ಆಮೇಲೆ ಹೆದ್ದಾರಿ 66ರಲ್ಲಿ ಉಡುಪಿ ಕಡೆ ಸುಮಾರು 30 ಕಿ.ಮೀ. ಹೋದರೆ ಮೂಲ್ಕಿ. ಘಾಟಿ ಹಗಲಲ್ಲೇ ಇಳಿಯಿರಿ. ಹೊರಡುವ ಮುಂಚೆ ರಸ್ತೆ ಹೇಗಿದೆ ಅಂತ ವಿಚಾರಿಸಿ.

ಕೋಲಾರದ_ಮೇಷ್ಟ್ರು

ಅದೇ 75 ನಮ್ಮ ಕೋಲಾರ, ಮುಳಬಾಗಿಲ ಮೇಲೂ ಹೋಗುತ್ತದೆ. ನಮ್ಮ ಮನೆ ಮುಂದಿನ ರಸ್ತೆ ಹಿಡಿದರೆ ಕರಾವಳಿ.

ಸವಿತಾ ಅವರೇ, ಒಂದು ವಿಷಯ ಕೇಳಲಾ? ನಮ್ಮ ಶಾಲೆಯ ಇಬ್ಬರು ಮೇಡಂಗಳು, ನಾನು ಈ ರಜೆಯಲ್ಲಿ ಅಲ್ಲಿಗೆ ಹೋಗಿ ಕೋಚ್‌ಗಳ ಹತ್ತಿರ ಕಡಲ ಸುರಕ್ಷತೆ ಕಲಿತು ಬರಬೇಕು ಅಂತ ಮಾತಾಡಿಕೊಂಡಿದ್ದೇವೆ. ಮುಂದೆ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವ ಪ್ರತಿ ಮೇಷ್ಟ್ರಿಗೂ ಅದು ಗೊತ್ತಿರಬೇಕು ಅನ್ನುವುದು ನನ್ನ ಆಸೆ. ನಿಮ್ಮ ದಿನಾಂಕ ಹೇಳಿದರೆ ನಾವೂ ಅದೇ ಹೊತ್ತಿಗೆ ಬರುತ್ತೇವೆ. ಗುಂಪು ದೊಡ್ಡದಾದರೆ ಕೋಚ್‌ಗಳ ಜೊತೆ ಮುಂಚೆಯೇ ಮಾತಾಡಬಹುದು.

ಮೂಲ್ಕಿಮಗ (ಕೆಲಸ ತುಮಕೂರು)

ಮೇಷ್ಟ್ರೇ, ಖಂಡಿತ ಬನ್ನಿ. ನಾನೂ ಆಗ ಊರಿಗೆ ಹೋಗುತ್ತೇನೆ. ಕೋಚ್ ಹುಡುಗರಿಗೆ ಈಗಲೇ ಹೇಳಿಡುತ್ತೇನೆ. ಸೆಳೆತ ತೋರಿಸಲು ದಡದ ಮೇಲಿನ ದಿಬ್ಬಕ್ಕೆ ಕರೆದುಕೊಂಡು ಹೋಗುತ್ತೇನೆ, ಮೇಲಿಂದ ನೋಡಿದರೆ ಪಟ್ಟಿ ಚೆನ್ನಾಗಿ ಕಾಣುತ್ತದೆ. ಕೈರಂಪಣಿಗೆ ಕೈ ಹಾಕುವ ಆಸೆ ಇದ್ದರೆ ಮಾವನಿಗೂ ಹೇಳುತ್ತೇನೆ.

ಸಿರಾಗೇಟ್_ಸವಿತಾ

ತುಂಬಾ ಖುಷಿ ಆಯಿತು ಮೇಷ್ಟ್ರೇ. ದಿನಾಂಕ ಮೆಸೇಜ್ ಮಾಡುತ್ತೇನೆ. ಅತ್ತೆ ಶಾಲು ತೆಗೆದಿಟ್ಟಿದ್ದಾರೆ. ಕುಣಿಗಲ್‌ನಲ್ಲಿ ಸೇರಿಕೊಂಡು ಒಟ್ಟಿಗೆ ಹೋಗೋಣವಾ?

ಕೋಲಾರದ_ಮೇಷ್ಟ್ರು

ಆಗಲಿ. ನಾವು ಕತ್ತಲಲ್ಲೇ ಹೊರಟು ಎಂಟರ ಹೊತ್ತಿಗೆ ಕುಣಿಗಲ್‌ನಲ್ಲಿರುತ್ತೇವೆ. ಅವರೆಕಾಯಿ ನಮ್ಮ ಕಡೆಯಿಂದ, ಎರಡು ಚೀಲ.

ಕುಣಿಗಲ್_ಕುದುರೆ

ತಿಂಡಿ ನಮ್ಮ ಮನೆಯಲ್ಲಿ. ಎಷ್ಟು ಜನ ಅಂತ ಹಿಂದಿನ ದಿನ ಹೇಳಿಬಿಡಿ, ಚಿತ್ರಾನ್ನ ಮಾಡಿಸುತ್ತೇನೆ.